ಹನ್ನೊಂದನೇ ಕ್ಲಾಸಿನ ಮಕ್ಕಳ ವಾರದಲ್ಲಿ ನಿದ್ದೆಗೆ ಜಾಗ ಎಲ್ಲಿದೆ?

ಪಿಂಪ್ರಿಯ ಅಕ್ಕ, ನೀವು ನಿನ್ನೆ ರಾತ್ರಿ ನಮ್ಮ ಮಹಾರಾಷ್ಟ್ರ ಕನ್ನಡಿಗರ ಗುಂಪಿನಲ್ಲಿ ಮಗನ ಬಗ್ಗೆ ಬರೆದದ್ದು ಓದಿದ ಮೇಲೆ ನನಗೆ ಬೇಗ ನಿದ್ದೆ ಹತ್ತಲಿಲ್ಲ. ಹತ್ತನೇ ಕ್ಲಾಸಿನಲ್ಲಿ 93% ತೆಗೆದ ಹುಡುಗ. ಈಗ 11ನೇ ಸೈನ್ಸ್. ಭಾನುವಾರ ಟೆಸ್ಟ್ ಇದ್ದರೆ ಬೆಳಿಗ್ಗೆ ವಾಂತಿ. "ಇದು ಸೋಮಾರಿತನವಾ, ಭಯವಾ, ನನಗೇ ಗೊತ್ತಾಗ್ತಿಲ್ಲ" ಅಂತ ಕೇಳಿದ್ದೀರಿ. ಸೋಮಾರಿತನ ಅಲ್ಲ ಅಕ್ಕ. ಸೋಮಾರಿ ಹುಡುಗನಿಗೆ ಟೆಸ್ಟಿನ ದಿನ ಹೊಟ್ಟೆ ತೊಳೆಸುವುದಿಲ್ಲ.

ನಾವು ಮುಂಬೈ ಹತ್ತಿರದ ಡೊಂಬಿವಲಿಯವರು. 2022ರಲ್ಲಿ ನಮ್ಮ ಮನೆಯಲ್ಲೂ ಇದೇ ನಡೆಯಿತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನನ್ನ ಮಗಳಿಗೆ ಇಲ್ಲಿನ ಹತ್ತನೇ ಬೋರ್ಡ್ ಪರೀಕ್ಷೆ ಎಸ್‌ಎಸ್‌ಸಿಯಲ್ಲಿ 94% ಬಂತು. ನಮ್ಮೂರು ಕುಂದಾಪುರದಿಂದ ಫೋನಿನ ಮೇಲೆ ಫೋನು. ಡಾಕ್ಟರಾ, ಇಂಜಿನಿಯರಾ ಅಂತ ಎಲ್ಲರದೂ ಒಂದೇ ಪ್ರಶ್ನೆ. ನಮಗೆ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಎರಡೂ ದಾರಿ ಇರಲಿ ಅಂತ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ ನಾಲ್ಕೂ ತೆಗೆಸಿದೆವು. ಇಂಜಿನಿಯರಿಂಗಿಗೆ ಇಡೀ ದೇಶಕ್ಕೆ ನಡೆಯುವ ಜೆಇಇ ಮತ್ತು ಮಹಾರಾಷ್ಟ್ರದ ಸಿಇಟಿ ಎರಡಕ್ಕೂ ತಯಾರಿ ಮಾಡಿಸುವ ಕೋಚಿಂಗ್ ಕ್ಲಾಸಿನ ಎರಡು ವರ್ಷದ ಬ್ಯಾಚಿಗೆ ಹಾಕಿದೆವು. ಮೆಡಿಕಲ್ಲಿಗೆ ಬೇಕಾದ ನೀಟ್ ಆಮೇಲೆ ನೋಡೋಣ ಅಂದುಕೊಂಡೆವು. ಊರಿನ ಕಡೆ ಕಾಲೇಜು ಸಿಕ್ಕರೆ ಅಜ್ಜಿ ಮನೆ ಹತ್ತಿರ ಆಗುತ್ತೆ ಅಂತ ಕರ್ನಾಟಕದ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳ ಪರೀಕ್ಷೆ ಕಾಮೆಡ್‌-ಕೆ ಕೂಡ ಪಟ್ಟಿಯಲ್ಲಿತ್ತು. ಬೋರ್ಡ್ ಪರೀಕ್ಷೆ ಬೇರೆ. 16 ವರ್ಷದ ಹುಡುಗಿಯ ತಲೆ ಮೇಲೆ ಐದು ಪರೀಕ್ಷೆ ಹೊರಿಸಿದ್ದೆವು. ಆಗ ಅದು ಹೊರೆ ಅಂತ ಅನ್ನಿಸಲೇ ಇಲ್ಲ. ಮುಂದಾಲೋಚನೆ ಅನ್ನಿಸಿತ್ತು.

ಮೊದಲ ಯುನಿಟ್ ಟೆಸ್ಟಿನಲ್ಲಿ ಫಿಸಿಕ್ಸಿಗೆ 25ಕ್ಕೆ 9. ಆ ಪೇಪರನ್ನು ಅವಳು ಕೆಮಿಸ್ಟ್ರಿ ಪ್ರಾಕ್ಟಿಕಲ್ ಜರ್ನಲಿನ ಒಳಗೆ ಬಚ್ಚಿಟ್ಟಿದ್ದಳು. ಕೈಗೆ ಸಿಕ್ಕಾಗ ನಾನು ಬೈದೆ. ಈಗಲೂ ನೆನಪಾದರೆ ಸಂಕಟ ಆಗುತ್ತದೆ.

ಇದು ಯಾಕೆ ಆಗುತ್ತೆ ಅಂತ ತಿಳಿದುಕೊಂಡಿದ್ದರೆ ನಾನು ಬೈಯುತ್ತಿರಲಿಲ್ಲ. ಎಸ್‌ಎಸ್‌ಸಿಯಲ್ಲಿ ಪರ್ಸೆಂಟ್ ಹಾಕುವುದು ಬೆಸ್ಟ್ ಆಫ್ ಫೈವ್ ಲೆಕ್ಕದಲ್ಲಿ. ಆರು ವಿಷಯದಲ್ಲಿ ಕಡಿಮೆ ಬಂದದ್ದನ್ನು ಬಿಟ್ಟು ಉಳಿದ ಐದನ್ನು ಹಿಡಿಯುತ್ತಾರೆ. ಭಾಷೆಗಳಲ್ಲಿ ಚೆನ್ನಾಗಿ ಬರುವ ಮಕ್ಕಳು ಆರಾಮಾಗಿ 90 ದಾಟುತ್ತಾರೆ. 11ನೇ ಸೈನ್ಸಿನಲ್ಲಿ ಆ ಆಸರೆ ಇಲ್ಲ. ಹತ್ತನೇಯಲ್ಲಿ ಒಂದೇ ವಿಜ್ಞಾನದ ಒಳಗಿದ್ದ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇಲ್ಲಿ ಒಂದೊಂದೂ ದಪ್ಪ ಪುಸ್ತಕ. ಪ್ರವೇಶದ ಸುತ್ತುಗಳು ಮುಗಿದು ಕಾಲೇಜು ಸರಿಯಾಗಿ ಶುರುವಾಗುವಷ್ಟರಲ್ಲಿ ಅರ್ಧ ಮಳೆಗಾಲ ಹೋಗಿರುತ್ತದೆ. ನಿಮ್ಮ ಹುಡುಗ ಜೂನ್‌ನಲ್ಲಿ ಇದ್ದಷ್ಟೇ ಜಾಣ ಈಗಲೂ ಇದ್ದಾನೆ. ಮೊದಲು ಅವನಿಗೆ ಇದನ್ನೇ ಹೇಳಿ.

ದೀಪಾವಳಿ ಹೊತ್ತಿಗೆ ಮಗಳು ಪೂರ್ತಿ ಸೋತಿದ್ದಳು. ತಲೆನೋವು, ಹೊಟ್ಟೆನೋವು, ಬಾಚಿದರೆ ಕೈ ತುಂಬ ಕೂದಲು. ತಮ್ಮ ಅವಳ ಪೆನ್ಸಿಲ್ ಮುಟ್ಟಿದರೂ ಸಿಡುಕು. ಕ್ಲಾಸಿನಲ್ಲಿ ಟೆಸ್ಟಿನ ಮಾರ್ಕ್ಸ್ ನೋಡಿ ಅವಳನ್ನು ಮೇಲಿನ ಬ್ಯಾಚಿಂದ ಕೆಳಗಿನ ಬ್ಯಾಚಿಗೆ ಕಳಿಸಿದ್ದರು. ಗೋಡೆ ಮೇಲೆ ಹೆಸರು ಅಂಟಿಸಿದ್ದರಂತೆ. ಒಂದು ರಾತ್ರಿ ಹನ್ನೆರಡೂವರೆಗೆ ಅಡುಗೆಮನೆಗೆ ಬಂದು ಕೆಳಗೆ ಕೂತಳು. "ಅಮ್ಮ, ನಾನು ಎಷ್ಟು ಓದಿದ್ರೂ ಮುಗಿಯೋದೇ ಇಲ್ಲ" ಅಂದಳು. ಆ ರಾತ್ರಿ ನಾನು ಬೈಯಲಿಲ್ಲ. ಹಳೇ ಕ್ಯಾಲೆಂಡರಿನ ಹಾಳೆ ತೆಗೆದು ಹಿಂಬದಿಯಲ್ಲಿ ಅವಳ ವಾರವನ್ನು ಬರೆದೆವು.

ವಾರಕ್ಕೆ ಇರುವುದು 168 ಗಂಟೆ. ಕಾಲೇಜು ಆರು ದಿನ, ದಿನಕ್ಕೆ 5 ಗಂಟೆಯಂತೆ 30. ಕ್ಲಾಸ್ ಆರು ದಿನ 4 ಗಂಟೆ, ಭಾನುವಾರ ಟೆಸ್ಟ್ ಸೇರಿ 28. ಲೋಕಲ್ ರೈಲು, ರಿಕ್ಷಾ, ಪ್ಲಾಟ್‌ಫಾರ್ಮಿನಲ್ಲಿ ಕಾಯುವುದು ಎಲ್ಲಾ ಸೇರಿ 17. ಕ್ಲಾಸಿನವರು ದಿನಾ 4 ಗಂಟೆ ಮನೆಯಲ್ಲಿ ಓದಲೇಬೇಕು ಅಂತಿದ್ದರು, ಅದು 28. ಇಷ್ಟಕ್ಕೇ 103 ಆಯಿತು. ದಿನಕ್ಕೆ 8 ಗಂಟೆ ನಿದ್ದೆ ಅಂದರೆ 56. ಒಟ್ಟು 159. ಉಳಿದದ್ದು 9 ಗಂಟೆ. ದಿನಕ್ಕೆ ಒಂದೂಕಾಲು ಗಂಟೆ. ಅದರಲ್ಲೇ ಸ್ನಾನ, ತಿಂಡಿ, ಊಟ, ಜರ್ನಲ್ ಬರೆಯುವುದು, ಬಟ್ಟೆ ಮಡಚುವುದು, ತಮ್ಮನ ಜೊತೆ ಎರಡು ಮಾತು.

ಇದು ಯಾರಿಂದಲೂ ಆಗುವ ಕೆಲಸ ಅಲ್ಲ. ನಾನು ಸುಮ್ಮನೆ ಆ ಹಾಳೆ ನೋಡುತ್ತಾ ಕೂತೆ. ಅವಳು ನಿದ್ದೆ ಕದ್ದು ಲೆಕ್ಕ ಸರಿ ಮಾಡುತ್ತಿದ್ದಳು. ದಿನಕ್ಕೆ ಐದು, ಐದೂವರೆ ಗಂಟೆ ಮಲಗುತ್ತಿದ್ದಳು. 13ರಿಂದ 18 ವರ್ಷದ ಮಕ್ಕಳಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ನಿದ್ದೆಯ ವೈದ್ಯರು. ಓದಿದ್ದು ತಲೆಯಲ್ಲಿ ಗಟ್ಟಿಯಾಗಿ ಕೂರುವುದು ನಿದ್ದೆಯಲ್ಲೇ. ಅದನ್ನೇ ಕತ್ತರಿಸಿ ಇನ್ನೊಂದು ಚಾಪ್ಟರ್ ಓದಿಸುತ್ತಿದ್ದೆವು.

ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸಿ, ಆಗ ಓದಿದ್ದು ತಲೆಗೆ ಹತ್ತುತ್ತೆ ಅಂತ ಇಲ್ಲಿ ಇಬ್ಬರು ಬರೆದಿದ್ದೀರಿ. ನಾನೂ ಹಾಗೇ ಬೆಳೆದವಳು. ಆದರೆ ನಮ್ಮನ್ನು ನಾಲ್ಕಕ್ಕೆ ಎಬ್ಬಿಸುತ್ತಿದ್ದ ಮನೆಯಲ್ಲಿ ರಾತ್ರಿ ಎಂಟೂವರೆಗೆ ಊಟ ಮುಗಿಸಿ ದೀಪ ಆರಿಸುತ್ತಿದ್ದರು. ಇಲ್ಲಿ ಕ್ಲಾಸ್ ಬಿಡುವುದೇ ಒಂಬತ್ತಕ್ಕೆ. ಜೊತೆಗೆ ಈ ವಯಸ್ಸಿನಲ್ಲಿ ನಿದ್ದೆ ತರುವ ಮೆಲಟೋನಿನ್ ದೇಹದಲ್ಲಿ ತಡವಾಗಿ ಏರುತ್ತದೆ. ಹತ್ತಕ್ಕೆ ಮಲಗು ಅಂದರೂ ಕಣ್ಣು ಮುಚ್ಚುವುದಿಲ್ಲ, ಬೆಳಿಗ್ಗೆ ಎಬ್ಬಿಸಿದರೆ ತೆರೆಯುವುದಿಲ್ಲ. ಅದು ಹಟ ಅಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಹೈಸ್ಕೂಲು ಬೆಳಿಗ್ಗೆ 8:30ಕ್ಕಿಂತ ಮೊದಲು ಶುರುವಾಗಬಾರದು ಅಂತ ಹೇಳಿತ್ತು. ನನ್ನ ಮಗಳ ಜೂನಿಯರ್ ಕಾಲೇಜಿನಲ್ಲಿ ಏಳಕ್ಕೆ ಹಾಜರಿ.

ನಾವು ಏನು ತೆಗೆದೆವು ಅಂತ ಹೇಳುತ್ತೇನೆ. ಮೊದಲು ಅವಳನ್ನೇ ಕೇಳಿದೆವು. ಯಾವುದನ್ನು ಓದುವಾಗ ಗಡಿಯಾರ ನೋಡೋದು ಮರೀತೀಯಾ? ಮ್ಯಾಥ್ಸ್ ಅಂದಳು. ಬಯಾಲಜಿಯಲ್ಲಿ ಚಿತ್ರ ಬಿಡಿಸುವುದು ಇಷ್ಟ, ಡಾಕ್ಟರ್ ಆಗುವ ಆಸೆ ಇಲ್ಲ ಅಂದಳು. ಇಷ್ಟು ಸಣ್ಣ ಪ್ರಶ್ನೆಯನ್ನು ನಾವು ಐದು ತಿಂಗಳು ಕೇಳಿರಲಿಲ್ಲ. ನೀಟ್ ಅವತ್ತೇ ಪಟ್ಟಿಯಿಂದ ಹೋಯಿತು. ಬಯಾಲಜಿ ಕಾಲೇಜಿನ ವಿಷಯವಾಗಿ ಉಳಿಯಿತು. ಪಾಸಾದರೆ ಸಾಕು ಅಂದೆವು.

ಜೆಇಇ ಬಿಡುವುದು ಕಷ್ಟ ಆಯಿತು. ನನ್ನ ಗಂಡನಿಗೆ ಒಂದು ವಾರ ಬೇಕಾಯಿತು. ಜೆಇಇ, ಸಿಇಟಿ ಎರಡಕ್ಕೂ ಒಂದೇ ಓದು ತಾನೇ ಅಂತ ಅವರ ವಾದ. ಪಾಠ ಬಹುಪಾಲು ಒಂದೇ, ಆದರೆ ಅಭ್ಯಾಸ ಒಂದೇ ಅಲ್ಲ. ಜೆಇಇ ಮೇನ್‌ನಲ್ಲಿ ಮೂರು ಗಂಟೆಗೆ 75 ಪ್ರಶ್ನೆ, ತಪ್ಪಿದರೆ ಮಾರ್ಕ್ಸ್ ಕಳೆಯುತ್ತಾರೆ. ಎಂಎಚ್‌ಟಿ-ಸಿಇಟಿಯಲ್ಲಿ ಅದೇ ಮೂರು ಗಂಟೆಗೆ 150 ಪ್ರಶ್ನೆ, ಕಳೆಯುವುದಿಲ್ಲ. ಒಂದರಲ್ಲಿ ನಿಂತು ಯೋಚಿಸಬೇಕು, ಇನ್ನೊಂದರಲ್ಲಿ ನಿಲ್ಲದೆ ಓಡಬೇಕು. ಸಿಇಟಿಯಲ್ಲಿ 11ನೇ ಪಾಠದ ಪಾಲು ಸುಮಾರು 20%, ಉಳಿದ 80% ಹನ್ನೆರಡನೇಯದು. 11ರಲ್ಲಿ ಎಡವಿದವರಿಗೆ ಎದ್ದು ನಿಲ್ಲಲು ಜಾಗ ಇದೆ. ಇಷ್ಟು ಕೂತು ಮಾತಾಡಿದ ಮೇಲೆ ಅವರೂ ಒಪ್ಪಿದರು.

ದೊಡ್ಡ ಬ್ಯಾಚ್ ಬಿಡಿಸಿದೆವು. ಮನೆ ಹತ್ತಿರ ಶನಿವಾರ-ಭಾನುವಾರ ನಡೆಯುವ ಸಣ್ಣ ಕ್ಲಾಸಿಗೆ ಹಾಕಿದೆವು. ಓದು, ಕ್ಲಾಸು, ಓಡಾಟ ಸೇರಿ ವಾರಕ್ಕೆ ಸುಮಾರು 30 ಗಂಟೆ ವಾಪಸ್ ಸಿಕ್ಕಿತು. ಕಟ್ಟಿದ ಫೀಸು ಮಾತ್ರ ವಾಪಸ್ ಸಿಗಲಿಲ್ಲ. ಮಧ್ಯಮ ವರ್ಗದ ಮನೆಗೆ ಅದು ಸಣ್ಣ ಪೆಟ್ಟಲ್ಲ. ಎಷ್ಟೋ ಅಪ್ಪ-ಅಮ್ಮ ಇದೊಂದೇ ಕಾರಣಕ್ಕೆ ಮಕ್ಕಳನ್ನು ಅಲ್ಲೇ ಉಳಿಸುತ್ತಾರೆ. ನಿಮಗೆ ನಮಗಿಂತ ಸ್ವಲ್ಪ ಬಲ ಇದೆ. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಕೋಚಿಂಗ್ ಸೆಂಟರುಗಳಿಗೆ ಮಾರ್ಗಸೂಚಿ ತಂದಿದೆ. ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕ್ಲಾಸ್ ಇರಬಾರದು, ವಾರಕ್ಕೊಂದು ರಜೆ ಇರಬೇಕು, ರಜೆಯ ಮಾರನೇ ದಿನ ಟೆಸ್ಟ್ ಇಡಬಾರದು, ಮಧ್ಯದಲ್ಲಿ ಬಿಟ್ಟರೆ ಉಳಿದ ಅವಧಿಯ ಫೀಸು 10 ದಿನದೊಳಗೆ ಕೊಡಬೇಕು ಅಂತ ಅದರಲ್ಲಿದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ಮಾರ್ಕ್ಸ್ ನೋಡಿ ಬ್ಯಾಚ್ ಬೇರೆ ಮಾಡಬಾರದು, ಎಲ್ಲರೆದುರು ಅವಮಾನ ಮಾಡಬಾರದು ಅಂದಿದೆ. 100 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಕಡೆ ತರಬೇತಿ ಪಡೆದ ಕೌನ್ಸೆಲರ್ ಇರಬೇಕು ಅಂತಲೂ ಹೇಳಿದೆ. ಪ್ರಿಂಟ್ ತೆಗೆದುಕೊಂಡು ಹೋಗಿ ಕೇಳಿ. ದನಿ ಏರಿಸಬೇಕಾಗಿಲ್ಲ, ಕಾಗದ ಮೇಜಿನ ಮೇಲಿದ್ದರೆ ಮಾತು ಬೇರೆ ಥರ ಇರುತ್ತದೆ.

ಮೀರಾ ರೋಡಿನ ಹಿರಿಯರು ಒಂದು ಮಾತು ಬರೆದಿದ್ದಾರೆ. ನಮ್ಮವರು ಹೋಟೆಲಲ್ಲಿ ಹಗಲೆಲ್ಲಾ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು, ಈ ಮಕ್ಕಳಿಗೆ ಇಷ್ಟೂ ತಡೆಯೋಕಾಗಲ್ವಾ ಅಂತ. ಆ ಕಷ್ಟದ ಬಗ್ಗೆ ನನಗೆ ತುಂಬಾ ಗೌರವ ಇದೆ. ನನ್ನ ಮಾವ 14ನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದು ಮುಂಬೈಯ ಫೋರ್ಟ್ ಭಾಗದ ಹೋಟೆಲಿನಲ್ಲಿ ಟೇಬಲ್ ಒರೆಸಿದವರು. ಕನ್ನಡ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮಾಡಿದವರು. ಮೊಮ್ಮಗಳು ಅಳುವುದನ್ನು ನೋಡಿ ಮೊದಲು ಅವರೂ ಇದನ್ನೇ ಅಂದರು. ಆಮೇಲೆ ಒಂದು ಸಂಜೆ ಅವಳ ಹಾಳೆಯನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ನಾನು ಎರಡು ಸಲ ಇಂಗ್ಲಿಷಲ್ಲಿ ಫೇಲ್ ಆದೆ ಮಗಾ. ಮಾಸ್ತರು ಮುಂದಿನ ವರ್ಷ ಕಟ್ಟು ಅಂದ್ರು. ನಂಗೆ ಯಾರೂ ನಂಬರ್ ಕೊಟ್ಟು ಗೋಡೆಗೆ ಹಚ್ಚಲಿಲ್ಲ" ಅಂದರು. ಅವರಿಗೆ ಕೆಲಸ ಭಾರ ಇತ್ತು, ಹಸಿವೂ ಇತ್ತು. ಆದರೆ ಓದು ಅವರಿಗೆ ದಿನದ ಬೆಳಕಿನ ಜಾಗ ಆಗಿತ್ತು. ಇವಳಿಗೆ ಅದೇ ಓದು ಹೆದರಿಕೆ ಆಗಿತ್ತು.

ಇನ್ನೊಂದು ವಿಷಯಕ್ಕೆ ನಾವು ಹಟ ಹಿಡಿದೆವು. 11 ಮುಗಿದ ಕೂಡಲೇ ಏಪ್ರಿಲ್-ಮೇನಲ್ಲಿ ವೆಕೇಶನ್ ಬ್ಯಾಚ್ ಶುರುವಾಗುತ್ತದೆ. ಊರಿಗೆ ಹೋಗುವುದು ಅಲ್ಲಿಗೆ ನಿಲ್ಲುತ್ತದೆ. ಎರಡು ವರ್ಷ ಅಜ್ಜಿ ಮನೆ ಕಾಣದ ಮಕ್ಕಳು ನಮ್ಮ ಬಿಲ್ಡಿಂಗಿನಲ್ಲೇ ಇದ್ದಾರೆ. ನಾವು ಹತ್ತು ದಿನಕ್ಕೆ ಠಾಣೆ ಸ್ಟೇಷನ್ನಿನಲ್ಲಿ ಊರಿನ ರೈಲು ಮತ್ಸ್ಯಗಂಧ ಹತ್ತಿದೆವು. ಅವಳು ಮೊದಲ ಮೂರು ದಿನ ಬರೀ ಮಲಗಿದಳು. ಅಜ್ಜಿ ಎಬ್ಬಿಸಲಿಲ್ಲ. ನಾಲ್ಕನೇ ದಿನ ಹಲಸಿನ ತೊಳೆ ಬಿಡಿಸುತ್ತಾ ತಾನಾಗಿಯೇ ಕಾಲೇಜಿನ ಕತೆ ಹೇಳತೊಡಗಿದಳು. ಮನೆಯಲ್ಲಿ ನಾನು ಕೇಳಿ ಕೇಳಿ ಸಿಗದ ಮಾತುಗಳು. ನಮ್ಮ ಮಕ್ಕಳು ಇಲ್ಲಿ ಮರಾಠಿ, ಹಿಂದಿ, ಇಂಗ್ಲಿಷಿನಲ್ಲೇ ದಿನ ಕಳೆಯುತ್ತಾರೆ. ಕನ್ನಡದಲ್ಲಿ ಮಾರ್ಕ್ಸ್ ಇಲ್ಲ, ಟೆಸ್ಟ್ ಇಲ್ಲ. ಅದಕ್ಕೇ ಇರಬೇಕು, ಆ ಭಾಷೆಗೆ ಬಂದ ಕೂಡಲೇ ಅವಳ ಭುಜ ಸಡಿಲ ಆದದ್ದು ನನಗೆ ಕಂಡಿತು.

ಓದುವ ರೀತಿಯ ಬಗ್ಗೆ ಸ್ವಲ್ಪ. ಅವಳು ಮೊದಲು ಪುಸ್ತಕವನ್ನು ಮತ್ತೆ ಮತ್ತೆ ಓದಿ ಹೈಲೈಟರ್ ಎಳೆಯುತ್ತಿದ್ದಳು. ಹೊಸ ಕ್ಲಾಸಿನ ಸರ್ ಅದನ್ನು ಬಿಡಿಸಿದರು. ಒಂದು ಸಲ ಓದು, ಪುಸ್ತಕ ಮುಚ್ಚು, ನೆನಪಿದ್ದದ್ದು ಬರಿ, ಆಮೇಲೆ ತೆರೆದು ನೋಡು. ಎರಡು ದಿನ ಬಿಟ್ಟು ಮತ್ತೆ ಬರಿ. ಗಂಟೆ ಕಡಿಮೆ ಆಯಿತು, ನೆನಪು ಜಾಸ್ತಿ ಆಯಿತು.

ಅಕ್ಕ, ಇಷ್ಟೆಲ್ಲಾ ಹೊರೆ ಇಳಿಸುವ ಮಾತು. ಆದರೆ ವಾಂತಿ ಅಂದಿದ್ದೀರಿ, ಅದಕ್ಕೆ ಮೊದಲು ಡಾಕ್ಟರಿಗೆ ತೋರಿಸಿ. ಎರಡು ವಾರದಿಂದ ಮಂಕಾಗಿದ್ದಾನಾ, ಊಟ-ನಿದ್ದೆ ತಪ್ಪಿದೆಯಾ, ಗೆಳೆಯರ ಫೋನ್ ಎತ್ತುತ್ತಿಲ್ಲವಾ ನೋಡಿ. "ನಾನು ಇರಲೇಬಾರದಿತ್ತು" ಅನ್ನೋ ಥರದ ಮಾತು ಬಂದರೆ ಕಾಯಬೇಡಿ. ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೋಗುತ್ತೆ ಅಂತ ನಾವು ಹೆದರುತ್ತೇವೆ, ಹಾಗಾಗುವುದಿಲ್ಲ. ಕೇಳಿದರೆ ಮಕ್ಕಳು ಹೇಳುತ್ತಾರೆ. ಆಮೇಲೆ ಅವನನ್ನು ಒಬ್ಬನೇ ಬಿಡಬೇಡಿ, ಅವತ್ತೇ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಹಗಲು-ರಾತ್ರಿ ಇರುತ್ತದೆ, ಕನ್ನಡವೂ ಇದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಹಿಂದಿದೆ. ದೀಪಾವಳಿಯ ಆ ವಾರ ನಾನೂ ಫೋನ್ ಮಾಡಿದ್ದೆ. ಮಗಳಿಗಾಗಿ ಮಾಡಿದ ಫೋನಿನಲ್ಲಿ ಹತ್ತು ನಿಮಿಷ ನಾನೇ ಅತ್ತೆ. ಆ ಕಡೆಯವರು ತಾಳ್ಮೆಯಿಂದ ಕೇಳಿದರು.

ಕೊನೆಗೆ ಏನಾಯಿತು ಅಂತ ನೀವು ಕೇಳುತ್ತೀರಿ. ಸಿಇಟಿಯಲ್ಲಿ ಅವಳು ಬಯಸಿದ ಕಾಲೇಜು ಮೊದಲ ಸುತ್ತಿನಲ್ಲಿ ಸಿಗಲಿಲ್ಲ, ಎರಡನೇಯದರಲ್ಲೂ ಇಲ್ಲ. ಬೇರೆ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಅವತ್ತು ಅತ್ತಳು, ಊಟ ಮಾಡಿದಳು, ಮಲಗಿದಳು.

ಆ ಕ್ಯಾಲೆಂಡರ್ ಹಾಳೆ ಈಗಲೂ ಕಪಾಟಿನ ಬಾಗಿಲ ಒಳಗೆ ಅಂಟಿಸಿದೆ, ಈ ಜೂನ್‌ನಲ್ಲಿ ಮಗನಿಗೆ ಬೇಕಾಗುತ್ತದೆ. ಅದರ ಫೋಟೊ ಇವತ್ತು ರಾತ್ರಿ ನಿಮಗೆ ಕಳಿಸುತ್ತೇನೆ. ನಿಮ್ಮ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ ಕೈಯಲ್ಲೇ ಬರೆಸಿ. ಬಸ್ಸಿನಲ್ಲಿ ಹೋಗುವ ಗಂಟೆ ಬಿಟ್ಟುಬಿಡಬೇಡಿ, ನಾವು ಮೊದಲು ಅದನ್ನೇ ಮರೆತಿದ್ದೆವು.