ಬ್ಯಾಂಕ್ ಕೌಂಟರಲ್ಲಿ ಕೂರುವವನ ಬಾಯಿ ವಾಸನೆ: ಅನುಭವ ಇದ್ದವರು ಹೇಳಿ

ಕೌಂಟರ್ ನಂಬರ್ 3:
ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಸಹಕಾರಿ ಬ್ಯಾಂಕಲ್ಲಿ ಕ್ಯಾಷ್ ಕೌಂಟರಿನಲ್ಲಿದ್ದೇನೆ. ವಯಸ್ಸು 36. ಬೀಡಿ, ಎಲೆಯಡಿಕೆ ಯಾವುದೂ ಇಲ್ಲ. ದಿನಕ್ಕೆ ಎರಡು ಸಲ ಹಲ್ಲುಜ್ಜುತ್ತೇನೆ. ಆರು ತಿಂಗಳಿಂದ ಪಕ್ಕದ ಮೇಜಿನವರು ಟೇಬಲ್ ಫ್ಯಾನನ್ನು ನನ್ನ ಕಡೆಗೆ ತಿರುಗಿಸಿ ಇಡುತ್ತಾರೆ. ಸೆಕೆ ಜಾಸ್ತಿ ಅವರಿಗೆ, ಗಾಳಿ ನನಗೆ. ಓಣಂ ರಜೆ ಮುಗಿಸಿ ಹೋದ ದಿನ ನನ್ನ ಮೇಜಿನ ಮೇಲೆ ಪೇಪರ್ ಪೊಟ್ಟಣದಲ್ಲಿ ಏಲಕ್ಕಿ, ಲವಂಗ ಇತ್ತು. ಯಾರಿಟ್ಟದ್ದು ಎಂದು ಕೇಳಲು ಧೈರ್ಯ ಬರಲಿಲ್ಲ. ಈಗ ಗ್ರಾಹಕರ ಹತ್ತಿರ ಮಾತಾಡುವಾಗ ಕೈ ತಾನಾಗಿ ಬಾಯಿಗೆ ಹೋಗುತ್ತದೆ, ನೋಟಿನ ಲೆಕ್ಕ ತಪ್ಪುತ್ತದೆ. ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಬೇಕಾ, ಹೊಟ್ಟೆಯ ಡಾಕ್ಟರಿಗಾ? ಮತ್ತೆ ಪಕ್ಕದವರ ಹತ್ತಿರ ಈ ಮಾತು ಎತ್ತುವುದು ಹೇಗೆ? ಮೌತ್‌ವಾಶ್ ಹೆಸರು ಬೇಡ, ಮನೆಯಲ್ಲಿ ನಾಲ್ಕು ಬಾಟ್ಲಿ ಉಂಟು.

ತಲಪಾಡಿ ದಾಟಿದವ:
ವಸಡು ತೋರಿಸಿ. ನನ್ನ ಕಥೆ ಸ್ವಲ್ಪ ಉದ್ದ, ಆದರೂ ಓದಿ. 2019ರಲ್ಲಿ ಉಜ್ಜಿದಾಗಲೆಲ್ಲ ಬ್ರಷ್ ಕೆಂಪಾಗುತ್ತಿತ್ತು. ಸುಮ್ನೆ ಬಿಟ್ಟೆ. ಆಮೇಲೆ ವಾಸನೆ ಶುರುವಾಯಿತು. ಮಂಗಳೂರಿನ ಒಂದು ಕ್ಲಿನಿಕ್ಕಿಗೆ ಹೋದೆ. ಅಳತೆಯ ಗೆರೆ ಇರುವ ಸಪೂರ ಕಡ್ಡಿಯನ್ನು ವಸಡಿನೊಳಗೆ ಇಳಿಸಿ ಆರು, ಏಳು, ಆರು ಎಂದು ಹೇಳುತ್ತಾ ಹೋದರು, ನರ್ಸ್ ಬರೆದುಕೊಂಡರು. ವಸಡಿಗೂ ಹಲ್ಲಿಗೂ ನಡುವಿನ ಗುಂಡಿಯ ಆಳ, ಮಿಲಿಮೀಟರ್ ಲೆಕ್ಕವಂತೆ. ಮೂರರ ಒಳಗಿರಬೇಕಂತೆ. ಎಕ್ಸ್‌ರೇಗೆ 400, ಕ್ಲೀನಿಂಗಿಗೆ 900, ವಸಡಿನ ಒಳಗೆ ಕೆರೆಯಲು ಎರಡು ಸಿಟ್ಟಿಂಗಿಗೆ 3,000. ಇಷ್ಟಾದರೂ ಗುಂಡಿ ತುಂಬಲಿಲ್ಲ. ಫ್ಲಾಪ್ ಸರ್ಜರಿ, ಅಂದರೆ ವಸಡು ಬಿಡಿಸಿ ಒಳಗೆ ಕೆರೆದು ಹೊಲಿಯುವುದು, ಮಾಡಬೇಕು ಎಂದರು. ಬಾಯಿಯನ್ನು ನಾಲ್ಕು ಪಾಲು ಮಾಡುವುದು, ಪಾಲಿಗೆ 5,500. ಒಂದು ಪಾಲು ಫೆಬ್ರವರಿಯಲ್ಲಿ ಆಯಿತು. ಎರಡನೆಯದು 2020ರ ಮಾರ್ಚ್ 14, ಶನಿವಾರ. ಹತ್ತು ದಿನ ಬಿಟ್ಟು ಬನ್ನಿ, ಹೊಲಿಗೆ ಬಿಚ್ಚುವ ಎಂದರು.

ಹತ್ತು ದಿನ ಬಿಟ್ಟು ತಲಪಾಡಿಯಲ್ಲಿ ಏನಾಗಿತ್ತು ಎಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಕೊರೊನಾ ಲಾಕ್‌ಡೌನಿಗೆ ಕೇರಳ-ಕರ್ನಾಟಕ ಗಡಿ ಬಂದ್. ಒಳದಾರಿಗಳಿಗೂ ಮಣ್ಣು ಸುರಿದಾಗಿತ್ತು. ಆಂಬುಲೆನ್ಸನ್ನೇ ಬಿಡದವರು ನನ್ನ ಹೊಲಿಗೆಗೆ ಬಿಡುತ್ತಾರಾ? ಇಲ್ಲಿಯ ಹಲ್ಲಿನ ಕ್ಲಿನಿಕ್ಕುಗಳೂ ಬಾಗಿಲು ಹಾಕಿದ್ದವು. ಕಪ್ಪು ನೂಲಿನ ತುದಿ ಹಗಲು ರಾತ್ರಿ ನಾಲಗೆಗೆ ತಾಗುತ್ತಿತ್ತು. ಗಂಜಿ ಉಂಡರೆ ಅಗುಳು ಅದಕ್ಕೇ ಸಿಕ್ಕಿಕೊಳ್ಳುತ್ತಿತ್ತು. 31ನೇ ದಿನ ಪರಿಚಯದ ಡಾಕ್ಟರೊಬ್ಬರು ಅವರ ಮನೆಯ ಜಗಲಿಯಲ್ಲಿ ಕೂರಿಸಿ ಬಿಚ್ಚಿದರು. ನನ್ನ ಹೆಂಡತಿ ಮೊಬೈಲ್ ಟಾರ್ಚ್ ಹಿಡಿದಳು. ನನ್ನ ಬಾಯಿಯ ವಾಸನೆ ನನಗೇ ಸರಿಯಾಗಿ ಗೊತ್ತಾದದ್ದು ಆ ವರ್ಷ, ಮಾಸ್ಕಿನೊಳಗೆ. ಬಸ್ಸಿನಲ್ಲಿ ಪಕ್ಕ ಕೂತವರನ್ನೆಲ್ಲ ನೆನೆಸಿಕೊಂಡೆ. ಉಳಿದ ಎರಡು ಪಾಲು 2021ರಲ್ಲಿ ಮಾಡಿಸಿದೆ. ಅಷ್ಟರಲ್ಲಿ ರೇಟು 7,000 ಆಗಿತ್ತು. ಒಟ್ಟು 29,300. ಬಸ್ಸು, ಊಟ, ಹೋದ ರಜೆ ಇದರಲ್ಲಿ ಸೇರಿಲ್ಲ. ಈಗ ವಾಸನೆ ಇಲ್ಲ ಎಂದು ಹೆಂಡತಿ ಹೇಳುತ್ತಾಳೆ. ಆದರೆ ವಸಡು ಇಳಿದು ಹಲ್ಲು ಕುದುರೆಯ ಹಲ್ಲಿನಷ್ಟು ಉದ್ದ ಕಾಣುತ್ತದೆ. ತಣ್ಣೀರು ಕುಡಿದರೆ ಝುಂ ಎನ್ನುತ್ತದೆ. ರಾತ್ರಿ ಸಂದಿಗೆ ಹಾಕುವ ಚಿಕ್ಕ ಬ್ರಷ್ ಹಾಕದೆ ಮಲಗುವ ಹಾಗಿಲ್ಲ.

ಎಲ್‌ಪಿ ಟೀಚರ್:
ಎಲ್ಲಿಗೆ ಬೇಕಾದರೂ ಹೋಗಿ, ಹೊಟ್ಟೆಯ ಡಾಕ್ಟರ ಹತ್ತಿರ ಮೊದಲು ಹೋಗಬೇಡಿ. ನಾನು ಹೋಗಿ ಕೆಟ್ಟೆ. ಮಂಜೇಶ್ವರ ಕಡೆಯ ಎಲ್‌ಪಿ (ಲೋವರ್ ಪ್ರೈಮರಿ) ಶಾಲೆ ನನ್ನದು. ಎರಡನೇ ಕ್ಲಾಸಿನ ಹುಡುಗಿ ಕಾಪಿ ತಿದ್ದಿಸಲು ಬಂದವಳು ಮೂಗು ಹಿಡಿದು ನಿಂತಳು. ಎಂತ ಆಯಿತು ಎಂದೆ. "ಟೀಚರ್, ನಿಮ್ಮ ಬಾಯಿ ಒಣಮೀನು" ಎಂದಳು. ಇಡೀ ಕ್ಲಾಸು ನಕ್ಕಿತು. ಸ್ಟಾಫ್ ರೂಮಲ್ಲಿ ಇಬ್ಬರು ಮಲಯಾಳದಲ್ಲಿ "ವಾಯ್‌ನಾಟ್ಟಂ" (ಬಾಯಿ ನಾತ) ಎಂದು ಪಿಸುಗುಟ್ಟುವುದು ಅದಕ್ಕೂ ಮೊದಲೇ ಕಿವಿಗೆ ಬಿದ್ದಿತ್ತು. ಬೇರೆ ಯಾರದ್ದೋ ಸುದ್ದಿ ಎಂದುಕೊಂಡಿದ್ದೆ.

ಗ್ಯಾಸ್ಟ್ರಿಕ್ ಇರಬೇಕು ಎಂದು ಎಲ್ಲರೂ ಹೇಳಿದರು. ಡಾಕ್ಟರ ಫೀಸು 500, ಮೂರು ಸಲ. ಎಂಡೋಸ್ಕೋಪಿಗೆ 3,200. ಹೊಟ್ಟೆಯಲ್ಲಿ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಉಂಟು ಎಂದು 14 ದಿನದ ಮಾತ್ರೆ ಬರೆದರು, ಅದಕ್ಕೆ 1,850. ಆ 14 ದಿನವೂ ಬಾಯಲ್ಲಿ ತುಕ್ಕು ಹಿಡಿದ ಕಬ್ಬಿಣದ ರುಚಿ. 6,550 ರೂಪಾಯಿ ಹೋಯಿತು, ವಾಸನೆ ಹೋಗಲಿಲ್ಲ. ಒಂದು ದಿನ ಪದ್ಯ ಹೇಳಿಕೊಡುವಾಗ ಕೆಮ್ಮು ಬಂತು. ಗಂಟಲಿಂದ ಏನೋ ಹಾರಿ ನಾಲಗೆಗೆ ಬಿತ್ತು. ಕರವಸ್ತ್ರಕ್ಕೆ ಉಗಿದು ನೋಡಿದೆ. ಸಬ್ಬಕ್ಕಿಯಷ್ಟು ದೊಡ್ಡದು, ಹಳದಿ ಬಿಳಿ. ಬೆರಳಲ್ಲಿ ಒತ್ತಿದೆ, ಒಡೆಯಿತು. ಆ ನಾತ ಹೇಳಿ ಮುಗಿಯುವುದಲ್ಲ. ಒಣಮೀನು ಎಂದ ಹುಡುಗಿ ಮರ್ಯಾದೆ ಕೊಟ್ಟೇ ಹೇಳಿದ್ದಳು. ಇಎನ್‌ಟಿಯವರು (ಕಿವಿ, ಮೂಗು, ಗಂಟಲಿನ ಡಾಕ್ಟರು) ಟಾರ್ಚ್ ಹಾಕಿ ಎರಡು ನಿಮಿಷ ನೋಡಿ, ಟಾನ್ಸಿಲ್ ಕಲ್ಲು, ಟಾನ್ಸಿಲಿನ ಗುಳಿಯಲ್ಲಿ ಚೂರುಪಾರು ಸಿಕ್ಕಿ ಗಟ್ಟಿಯಾಗುವುದು ಎಂದರು. 300 ರೂಪಾಯಿ. ಆಪರೇಷನ್ ಬೇಡ, ಉಪ್ಪುನೀರಲ್ಲಿ ಗಂಟಲು ಮುಕ್ಕಳಿಸಿ ಎಂದರು. ಈಗಲೂ ಎರಡು ತಿಂಗಳಿಗೊಮ್ಮೆ ಬರುತ್ತದೆ. ಕನ್ನಡಿ ಎದುರು ಬಾಯಿ ಕಳೆದು ನಿಲ್ಲುವುದು ನನಗೊಂದು ಕಸುಬಾಗಿದೆ.

ನೀರ್ಚಾಲು ತೋಟ:
ಮೇಲಿನದೆಲ್ಲ ಓದಿ ತಲೆಬಿಸಿಯಾಯಿತು. 29,300 ರೂಪಾಯಿಗೆ ತೋಟಕ್ಕೆ ಒಳ್ಳೆಯ ಪಂಪು ಬರುತ್ತಿತ್ತು ಮಾರಾಯ್ರೆ. ನಮ್ಮ ಅಜ್ಜ ಹಣ್ಣು ಮಾವಿನೆಲೆಯ ನರ ತೆಗೆದು, ಸುರುಳಿ ಸುತ್ತಿ, ಉಮಿಕರಿ ಮುಟ್ಟಿಸಿ ಉಜ್ಜುತ್ತಿದ್ದರು. ಊಟ ಆದ ಮೇಲೆ ಎಲೆ, ಅಡಿಕೆ, ಸುಣ್ಣ. 84ಕ್ಕೆ ತೀರಿಕೊಳ್ಳುವಾಗ 27 ಹಲ್ಲು ಗಟ್ಟಿ ಇದ್ದವು. ನಾನೂ ಅದನ್ನೇ ಮಾಡುತ್ತೇನೆ. 52 ವರ್ಷ ಆಯಿತು, ಹಲ್ಲಿನ ಡಾಕ್ಟರ ಬಾಗಿಲು ತುಳಿದಿಲ್ಲ. ಕೌಂಟರಿನವರೇ, ಎಲೆಯಡಿಕೆ ಇಲ್ಲ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ನಿಮ್ಮ ಸಮಸ್ಯೆ ಅಲ್ಲೇ ಇರಬಹುದು.

ಕ್ಲಿನಿಕ್ ಅಟೆಂಡರ್:
ತೋಟದವರೇ, ಬಾಗಿಲು ತುಳಿಯದೆ ಇದ್ದರೆ ಹಲ್ಲು ಸರಿ ಉಂಟೆಂದು ಹೇಳಿದ್ದು ಯಾರು? ನಾನು 11 ವರ್ಷದಿಂದ ಹಲ್ಲಿನ ಕ್ಲಿನಿಕ್ಕಿನಲ್ಲಿದ್ದೇನೆ. ನಿಮ್ಮಂಥವರು ಬರುವುದು ಬಾಯಿಗೆ ಮೂರು ಬೆರಳು ಹೋಗದ ಹಾಗೆ ಆದ ಮೇಲೆ. ಕೆನ್ನೆಯ ಒಳಬದಿ ಬಿಳಿಚಿ ಹಗ್ಗದ ಹಾಗೆ ಬಿಗಿದಿರುತ್ತದೆ. ಹೊಗೆಸೊಪ್ಪು ಮುಟ್ಟದೆ ಬರೀ ಅಡಿಕೆ ತಿಂದವರಿಗೂ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅಡಿಕೆಯನ್ನೇ ಕ್ಯಾನ್ಸರ್ ತರುವ ಪಟ್ಟಿಗೆ ಹಾಕಿ ಎಷ್ಟೋ ವರ್ಷವಾಯಿತು. ಉಮಿಕರಿ ಉಜ್ಜಿ ಉಜ್ಜಿ ಹಲ್ಲಿನ ಮೇಲ್ಪದರ ಸವೆದು ಹೋದವರು ಬೇರೆ.

ನನ್ನದೂ ಹೇಳುತ್ತೇನೆ. ದಿನವಿಡೀ ಪೇಶೆಂಟಿನ ಹತ್ತಿರ ಬಗ್ಗಿ ಮಾತಾಡುವ ಕೆಲಸ. ಡಾಕ್ಟರಿಗೆ ಹೇಳಲು ನಾಚಿಕೆಯಾಗಿ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬಾಟ್ಲಿಯನ್ನು ನಾನೇ ತೆಗೆದುಕೊಂಡು ಮೂರು ತಿಂಗಳು ಬಿಡದೆ ಮುಕ್ಕಳಿಸಿದೆ. ಎರಡು ವಾರಕ್ಕೆ ನಿಲ್ಲಿಸಬೇಕೆಂದು ಬಂದವರಿಗೆಲ್ಲ ಹೇಳುವವನು ನಾನೇ! ಹಲ್ಲು ಕಾಫಿ ಕಲರಿಗೆ ತಿರುಗಿತು, ಸಾರಿನ ಉಪ್ಪು ಗೊತ್ತಾಗದ ಹಾಗಾಯಿತು. ಡಾಕ್ಟರಿಗೆ ಸಿಕ್ಕಿಬಿದ್ದೆ. ಪಾಲಿಶ್ ಮಾಡಿ ಸಂಬಳದಿಂದ 600 ಹಿಡಿದರು. ಕೊನೆಗೆ ನೋಡಿದರೆ ನನ್ನದು ಇದ್ದದ್ದು ನಾಲಗೆಯ ಹಿಂದಿನ ಅರ್ಧದಲ್ಲಿ. ಅಲ್ಲಿಯ ಬಿಳಿ ಪದರದಲ್ಲಿ ಬ್ಯಾಕ್ಟೀರಿಯಾ ಕೂತು ಕೊಳೆಸಿ ಗಂಧಕದ ಗ್ಯಾಸ್ ಬಿಡುತ್ತದೆ. ಕೊಳೆತ ಮೊಟ್ಟೆಯಲ್ಲಿ ಬರುವುದೂ ಅದೇ ಗ್ಯಾಸ್. ನಾನು ಮುಂದಿನ ಅರ್ಧವನ್ನೇ ಕೆರೆಯುತ್ತಿದ್ದೆ, ಓಕರಿಕೆ ಬರುತ್ತದೆಂದು.

ನೀರ್ಚಾಲು ತೋಟ:
ಅಡಿಕೆಗೆ ಬೈದರೆ ಕಾಸರಗೋಡಿನ ಅರ್ಧ ಮನೆಗೆ ಬೈದ ಹಾಗೆ. ನಿಮ್ಮ ಕ್ಲಿನಿಕ್ಕಿಗೆ ಬರುವ ದುಡ್ಡೂ ಅಡಿಕೆಯದ್ದೇ. ಅಷ್ಟು ಕೆಟ್ಟದಾದರೆ ನಮ್ಮಲ್ಲೇ ಸಿಪಿಸಿಆರ್‌ಐ (ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಯಾಕೆ ಕೂತಿದೆ?

ಕ್ಲಿನಿಕ್ ಅಟೆಂಡರ್:
ಸಿಪಿಸಿಆರ್‌ಐ ಮರಕ್ಕೆ ಬರುವ ರೋಗ ನೋಡುವುದು, ಬಾಯಿಗೆ ಬರುವುದನ್ನಲ್ಲ. 1916ರಲ್ಲಿ ಅದು ಶುರುವಾದದ್ದೂ ತೆಂಗಿಗೆ. ಬೆಳೆಯಬೇಡಿ ಎಂದು ನಾನು ಹೇಳಲಿಲ್ಲ, ಜಗಿಯಬೇಡಿ ಎಂದೆ. ಮತ್ತೆ ತಲಪಾಡಿಯವರೇ, ಫ್ಲಾಪ್ ಮಾಡುವವರು ಕಾಸರಗೋಡಲ್ಲೂ ಇದ್ದಾರೆ. ಗಡಿ ದಾಟಿ ಹೋದದ್ದು ನೀವೇ, ಹೊಲಿಗೆ ಉಳಿದದ್ದಕ್ಕೆ ಮಣ್ಣಿಗೆ ಬೈದರೆ ಏನು ಬಂತು?

ತಲಪಾಡಿ ದಾಟಿದವ:
ಮಾತು ನೋಡಿ ಆಡಿ. ಕಾಸರಗೋಡಿನವನು ಮಂಗಳೂರಿಗೆ ಹೋಗದೆ ತಿರುವನಂತಪುರಕ್ಕೆ ಹೋಗಬೇಕಾ? ಹೆರಿಗೆಗೆ, ಹಾರ್ಟಿಗೆ, ಮದುವೆ ಸೀರೆಗೆ ಎಲ್ಲ ನಮಗೆ ಮಂಗಳೂರೇ. 31 ದಿನ ಬಾಯಲ್ಲಿ ನೂಲು ಇಟ್ಟುಕೊಂಡು ನೋಡಿ, ಆಮೇಲೆ ಬರೆಯಿರಿ.

ಕುಂಬಳೆ ಅಂಗಡಿ:
ಟೀಚರೇ, ನಿಮಗೆ ಬೇಜಾರಾದದ್ದು ವಾಸನೆ ಎಂದದ್ದಕ್ಕಾ, ಮಲಯಾಳದಲ್ಲಿ ಎಂದದ್ದಕ್ಕಾ? ನಮ್ಮ ಮನೆಯಲ್ಲಿ ಮಲಯಾಳ, ಅಂಗಡಿಯಲ್ಲಿ ತುಳು, ಓದಿದ್ದು ಕನ್ನಡ. ನಾತಕ್ಕೆ ಭಾಷೆ ಉಂಟಾ? ನೋಂಬು (ರಂಜಾನ್ ಉಪವಾಸ) ತಿಂಗಳಲ್ಲಿ ನಮ್ಮ ಬಾಯಿಯೂ ಸಂಜೆಗೆ ಹಾಗೇ ಆಗುತ್ತದೆ. ನೀರಿಲ್ಲ, ಎಂಜಲು ಒಣಗುತ್ತದೆ. ನೋಂಬು ಹಿಡಿದವನ ಬಾಯಿ ವಾಸನೆ ಅಲ್ಲಾಹನಿಗೆ ಕಸ್ತೂರಿಗಿಂತ ಮಿಗಿಲು ಎಂದು ಉಸ್ತಾದರು ಹೇಳುತ್ತಾರೆ. ಗಿರಾಕಿಗೆ ಅದು ಗೊತ್ತಿರಬೇಕಲ್ಲ! ನಾನು ಎರಡು ಹೆಜ್ಜೆ ಹಿಂದೆ ನಿಂತೇ ಸಾಮಾನು ತೂಗುವುದು. ಹಲ್ಲುಜ್ಜುವ ಮಿಸ್ವಾಕ್ ಕಡ್ಡಿ ಜೇಬಲ್ಲೇ ಇರುತ್ತದೆ.

ಎಲ್‌ಪಿ ಟೀಚರ್:
ನನಗೆ ಗೊತ್ತಾಗುವುದಿಲ್ಲ ಎಂದುಕೊಂಡು ಆ ಭಾಷೆಯಲ್ಲಿ ಹೇಳಿದರಲ್ಲ, ಬೇಜಾರು ಅದಕ್ಕೆ. ಕನ್ನಡ ಶಾಲೆಗೆ ಕನ್ನಡ ಬಾರದವರನ್ನು ಹಾಕುತ್ತಾರೆ, ಮಕ್ಕಳಿಗೆ ಪಾಠ ಅರ್ಥವಾಗುವುದಿಲ್ಲ, ಆದರೆ ನನ್ನ ಬಾಯಿಯ ಸುದ್ದಿ ಮಾತ್ರ ಎಲ್ಲರಿಗೂ ಅರ್ಥವಾಗುತ್ತದೆ.

ಕುಂಬಳೆ ಅಂಗಡಿ:
ಟಾನ್ಸಿಲಿನಿಂದ ಪಿಎಸ್‌ಸಿ (ಲೋಕಸೇವಾ ಆಯೋಗ) ನೇಮಕಾತಿಗೆ ಬಂದಿರಾ! ನಾನು ಜಾರಿದೆ.

ಬಾಯಿ ಮುಚ್ಚಿದವ:
ಎಲ್ಲರೂ ರೋಗ ಹೇಳಿದಿರಿ, ನನಗೆ ರೋಗವೇ ಇರಲಿಲ್ಲ. ಆರು ವರ್ಷ ಇತ್ತು ಎಂದುಕೊಂಡು ಬದುಕಿದೆ. ಯಾರಾದರೂ ಮೂಗು ತುರಿಸಿದರೆ ನನ್ನಿಂದಲೇ. ಕಿಟಕಿ ತೆರೆದರೆ ನನ್ನಿಂದಲೇ. ಹೊಸಂಗಡಿಯಲ್ಲಿ ಇದ್ದ ಒಳ್ಳೆಯ ಕೆಲಸ ಬಿಟ್ಟೆ, ಅಲ್ಲಿ ಎದುರುಬದುರು ಕೂರಬೇಕಿತ್ತು. ದಿನಕ್ಕೆ ಏಳೆಂಟು ಸಲ ಹಲ್ಲುಜ್ಜಿ ವಸಡು ಕಿತ್ತುಹೋಯಿತು. ಮೂರು ಡಾಕ್ಟರು ನನ್ನ ಉಸಿರು ಮೂಸಿ ಏನೂ ಇಲ್ಲ ಎಂದರು, ಮೂವರೂ ಮರ್ಯಾದೆಗೆ ಹೇಳಿದ್ದೆಂದು ನಂಬಿದೆ. ನಾಲ್ಕನೆಯವರು ಮಾನಸಿಕ ಡಾಕ್ಟರ ಹತ್ತಿರ ಕಳಿಸಿದರು. ಸಿಟ್ಟು ಬಂದು ಎಂಟು ತಿಂಗಳು ಹೋಗಲಿಲ್ಲ. ಹೋದ ಮೇಲೆ ನಿಧಾನಕ್ಕೆ ಸರಿಯಾಯಿತು. ಫ್ಯಾನು, ಏಲಕ್ಕಿ ಇದನ್ನೇ ಸಾಕ್ಷಿ ಮಾಡಿಕೊಳ್ಳಬೇಡಿ. ನಿಮ್ಮ ಬಾಯಿ ನಿಮಗೆ ಗೊತ್ತಾಗುವುದಿಲ್ಲ. ಅಂಗೈಗೆ ಊದಿ ನೋಡುವುದೂ ದಂಡ. ಮನೆಯವರಲ್ಲಿ ಒಬ್ಬರನ್ನು ಹತ್ತಿರ ನಿಲ್ಲಿಸಿ ಕೇಳಿ.

ತಲಪಾಡಿ ದಾಟಿದವ:
ಮನಸ್ಸಿನದು ಎಂದು ಹೇಳಿ ಹೇಳಿಯೇ ನನ್ನ ಎಷ್ಟೋ ತಿಂಗಳು ಹೋದದ್ದು. ನಿಮಗೆ ಇರಲಿಲ್ಲ ಎಂದರೆ ಅವರಿಗೂ ಇಲ್ಲವಾ? ರಕ್ತ ಬರುತ್ತದಾ ಎಂದು ಕೇಳಿದಿರಾ?

ಬಾಯಿ ಮುಚ್ಚಿದವ:
ನೀವೂ ಕೇಳಲಿಲ್ಲ. 29,300ರ ಲೆಕ್ಕ ಕೊಟ್ಟಿರಿ ಅಷ್ಟೇ.

ಕೌಂಟರ್ ನಂಬರ್ 3:
ಜಗಳ ಬೇಡ. ಮೊನ್ನೆ ರಾತ್ರಿ ತಂಗಿಯ ಹತ್ತಿರ ಕೇಳಿದೆ. "ಉಂಟು ಅಣ್ಣ, ಮಳೆಗಾಲದಿಂದ ಉಂಟು" ಎಂದಳು. ಮೊದಲೇ ಯಾಕೆ ಹೇಳಲಿಲ್ಲ ಎಂದದ್ದಕ್ಕೆ ಮಾತಿಲ್ಲ. ನಿನ್ನೆ ಇಲ್ಲೇ ಪೇಟೆಯ ಹಲ್ಲಿನ ಡಾಕ್ಟರಿಗೆ ತೋರಿಸಿದೆ, ಫೀಸು 200. ಎಡಗಡೆ ಕೆಳಗಿನ ಬುದ್ಧಿಹಲ್ಲು ಅರ್ಧ ಮಾತ್ರ ಮೇಲೆ ಬಂದಿದೆ, ಅದರ ಮೇಲೆ ವಸಡು ಮುಚ್ಚಳದ ಹಾಗೆ ಕೂತಿದೆಯಂತೆ. ಅಡಿಗೆ ಪಿಚಕಾರಿಯಿಂದ ನೀರು ಬಿಟ್ಟರು. ಹೊರಗೆ ಬಂದದ್ದನ್ನು ನರ್ಸ್ ನನಗೆ ತೋರಿಸದೆ ಮುಚ್ಚಿಕೊಂಡು ಹೋದರು. ಬುಧವಾರ ಕೀಳುವುದೋ ಬರೀ ಮುಚ್ಚಳ ಕತ್ತರಿಸುವುದೋ ಎಂದು ಹೇಳುತ್ತಾರೆ. ಏಲಕ್ಕಿಯನ್ನು ತಂಗಿ ಪಾಯಸಕ್ಕೆ ಹಾಕಿದಳು. ಫ್ಯಾನ್ ಇವತ್ತೂ ನನ್ನ ಕಡೆಗೇ ಇತ್ತು. ಪಕ್ಕದವರ ಹತ್ತಿರ ಹೇಗೆ ಮಾತಾಡುವುದು ಎಂದು ಯಾರೂ ಹೇಳಲಿಲ್ಲ.

ನೀರ್ಚಾಲು ತೋಟ:
ಬುದ್ಧಿಹಲ್ಲು ಕೀಳಿಸಬೇಡಿ, ಬಲಿಯದ ಪೇರಳೆ ಎಲೆ ಜಗಿದು ನೋಡಿ.

ಕ್ಲಿನಿಕ್ ಅಟೆಂಡರ್:
ಮಾವು ಮುಗಿದು ಪೇರಳೆ ಬಂತಾ?

ತಲಪಾಡಿ ದಾಟಿದವ:
ದೊಡ್ಡ ಎಕ್ಸ್‌ರೇ ತೆಗೆದಿದ್ದಾರಾ? ಇಡೀ ದವಡೆ ಕಾಣುವಂಥದ್ದು? ತೆಗೆಯದೆ ಬುಧವಾರ ಬಾಯಿ ಕೊಡಬೇಡಿ. ನನ್ನ ತಮ್ಮನ ಬುದ್ಧಿಹಲ್ಲಿನ ಬೇರು ನರದ ಮೇಲೆ ಕೂತಿತ್ತು. ಕೀಳಿಸಿದ ಮೇಲೆ ಕೆಳತುಟಿ ನಾಲ್ಕು ತಿಂಗಳು ಮರಗಟ್ಟಿತ್ತು, ಚಹಾ ಕುಡಿದರೆ ಅಂಗಿಯ ಮೇಲೆ. ಅವನಿಗೆ ಆದ ಖರ್ಚು ಬರೆಯುತ್ತೇನೆ, ಸ್ವಲ್ಪ ಉದ್ದ ಉಂಟು.