ಬೈಕಿಗೆ ಇನ್ನೊಂದು ಬ್ರೇಕ್ ಲೈಟ್ ಹಾಕಿಸಬಹುದಾ?

ಪ್ರಶ್ನೆ: ಅಣ್ಣಾ, ನಾನು ಬಳ್ಳಾರಿಯಿಂದ ತೋರಣಗಲ್ಲಿಗೆ ದಿನಾ ಬೈಕಲ್ಲಿ ಡ್ಯೂಟಿಗೆ ಹೋಗುತ್ತೇನೆ. ನೈಟ್ ಶಿಫ್ಟ್ ಇದ್ದಾಗ ಹಿಂದೆ ಬರುವ ಲಾರಿಗಳದ್ದೇ ಭಯ. ಹೋದ ವಾರ ಕುಡತಿನಿ ಹತ್ತಿರ ಹಂಪ್ ಬಂತು ಅಂತ ಬ್ರೇಕ್ ಹಿಡಿದೆ. ಲಾರಿ ನನ್ನ ಪಕ್ಕಕ್ಕೇ ಬಂದು ನಿಂತಿತು. 'ನಿನ್ನ ಲೈಟೇ ಕಾಣಲಿಲ್ಲಪ್ಪಾ' ಅಂದ ಡ್ರೈವರ್. ಎಲ್‌ಇಡಿ ಬ್ರೇಕ್ ಲೈಟ್ ಒಂದು ಜಾಸ್ತಿ ಹಾಕಿಸಿದರೆ ಬ್ಯಾಟರಿಗೆ ತೊಂದರೆ ಆಗುತ್ತಾ? ವೈರ್ ಎಲ್ಲಿಂದ ತಗೋಬೇಕು?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ಬಳ್ಳಾರಿ): ತಮ್ಮಾ, ಖಂಡಿತ ಹಾಕಿಸು. ಆದರೆ ಮೊದಲು ಈಗಿರುವ ಲೈಟ್ ನೋಡು. ಆ ರೋಡಲ್ಲಿ ಓಡಾಡುವ ಬೈಕ್ ಬಂದರೆ ನಾನು ಮೊದಲು ಒದ್ದೆ ಬಟ್ಟೆಯಲ್ಲಿ ಹಿಂದಿನ ಲೈಟ್ ಒರೆಸುತ್ತೇನೆ. ಅದಿರಿನ ಧೂಳು ಪದರ ಕಟ್ಟಿರುತ್ತದೆ. ಲೈಟೂ ಕೆಂಪು, ಧೂಳೂ ಕೆಂಪು. ಬಟ್ಟೆ ನೋಡಿದಾಗಲೇ ಗೊತ್ತಾಗುವುದು.

ಆಮೇಲೆ ರಾತ್ರಿ ಬೈಕಿನ ಹಿಂಭಾಗ ಗೋಡೆಗೆ ಮಾಡಿ ನಿಲ್ಲಿಸು. ಕೈ ಬ್ರೇಕ್ ಬೇರೆ, ಕಾಲು ಬ್ರೇಕ್ ಬೇರೆ ಒತ್ತಿ ನೋಡು. ಎರಡಕ್ಕೂ ಬೇರೆ ಬೇರೆ ಸ್ವಿಚ್ ಇದೆ, ಒಂದು ಕೆಟ್ಟರೂ ಇನ್ನೊಂದು ಹತ್ತುತ್ತದೆ. ಹಾಗಾಗಿ ತಿಂಗಳಾನುಗಟ್ಟಲೆ ತಿಳಿಯುವುದೇ ಇಲ್ಲ. ಕಾಲಿನ ಸ್ವಿಚ್ಚಿಗೆ ಸಣ್ಣ ಸ್ಪ್ರಿಂಗ್, ಪ್ಲಾಸ್ಟಿಕ್ ನಟ್ ಇರುತ್ತದೆ. ಬ್ರೇಕ್ ಟೈಟ್ ಮಾಡಿದವರು ಇದನ್ನು ಮರೆತುಬಿಡುತ್ತಾರೆ. ಸ್ವಿಚ್ ತಿರುಗದ ಹಾಗೆ ಹಿಡಿದುಕೊಂಡು ನಟ್ ತಿರುಗಿಸು. ಸ್ವಿಚ್ ಮೇಲಕ್ಕೆ ಬಂದಷ್ಟೂ ಲೈಟ್ ಬೇಗ ಹತ್ತುತ್ತದೆ. ಬ್ರೇಕ್ ಹಿಡಿಯುವ ಮುಂಚೆಯೇ ಹತ್ತಬೇಕು.

ಇನ್ನು ಬ್ಯಾಟರಿ. ಹಳೇ ಬಲ್ಬಿನ ಒಳಗೆ ಬ್ರೇಕ್ ಒತ್ತಿದಾಗ ಹತ್ತುವ ತಂತಿ 21 ವ್ಯಾಟ್. ಸಣ್ಣ ಎಲ್‌ಇಡಿ ಎರಡು ಮೂರು ವ್ಯಾಟ್ ಅಷ್ಟೇ, ಅದೂ ಬ್ರೇಕ್ ಒತ್ತಿದಾಗ ಮಾತ್ರ. ಚಿಂತೆ ಬೇಡ. ಇನ್ನೊಂದು ಲಾಭವೂ ಇದೆ. ಬಲ್ಬಿನ ತಂತಿ ಕಾದು ಬೆಳಕು ಕೊಡುವ ಹೊತ್ತಿಗಿಂತ ಎಲ್‌ಇಡಿ ಸುಮಾರು 0.2 ಸೆಕೆಂಡ್ ಮೊದಲೇ ಹತ್ತುತ್ತದೆ. 60ರ ಸ್ಪೀಡಲ್ಲಿ ಅಷ್ಟರೊಳಗೆ ಲಾರಿ ಮೂರು ಮೀಟರ್ ಮುಂದೆ ಬಂದಿರುತ್ತದೆ. ಒಂದು ಬೈಕಿನ ಉದ್ದಕ್ಕಿಂತ ಜಾಸ್ತಿ, ಅಲ್ವಾ?

ವೈರ್ ಬಣ್ಣ ನೋಡಿ ಜೋಡಿಸಬೇಡ, ಕಂಪನಿಗೊಂದು ಬಣ್ಣ. ಟೆಸ್ಟ್ ಲ್ಯಾಂಪ್ (ಕರೆಂಟ್ ಇದ್ದರೆ ಹತ್ತುವ ಸಣ್ಣ ಬಲ್ಬು) ಇಟ್ಟು ನೋಡು. ಬ್ರೇಕ್ ಒತ್ತಿದಾಗ ಮಾತ್ರ ಯಾವ ವೈರಲ್ಲಿ ಕರೆಂಟ್ ಬರುತ್ತದೋ ಅದೇ ಬ್ರೇಕಿನ ವೈರ್. ಅದಕ್ಕೆ ಎಲ್‌ಇಡಿಯ ಪ್ಲಸ್ ವೈರ್, ಇನ್ನೊಂದು ವೈರ್ ಅರ್ಥಿಂಗಿಗೆ, ಅಂದರೆ ಬೈಕಿನ ಕಬ್ಬಿಣದ ಬಾಡಿಗೆ. ಉಲ್ಟಾ ಕೊಟ್ಟರೆ ಹತ್ತುವುದಿಲ್ಲ. ಸುಮ್ನೆ ತಿರುಚಿ ಟೇಪ್ ಸುತ್ತಲು ಬಿಡಬೇಡ. ನಮ್ಮ ಮೇ ತಿಂಗಳ ಬಿಸಿಲಿಗೆ ಟೇಪಿನ ಅಂಟು ಕರಗಿ ಸುತ್ತು ಬಿಚ್ಚಿಕೊಳ್ಳುತ್ತದೆ. ಬೆಸುಗೆ ಹಾಕಿಸಿ ಅದರ ಮೇಲೆ ಸ್ಲೀವ್ (ಜೋಡಣೆ ಮುಚ್ಚುವ ಸಣ್ಣ ಕೊಳವೆ) ಏರಿಸಲು ಹೇಳು. 1 ಆಂಪಿಯರ್ ಫ್ಯೂಸ್ ಒಂದನ್ನು ಮಧ್ಯೆ ಹಾಕಿಸು. ಇಲ್ಲದಿದ್ದರೆ ಆ ಸಣ್ಣ ಲೈಟ್ ಶಾರ್ಟ್ ಆದಾಗ ಮೇನ್ ಫ್ಯೂಸೇ ಹೋಗಿ, ನಡುರೋಡಲ್ಲಿ ಬೈಕೆಲ್ಲ ಕತ್ತಲಾಗಬಹುದು.

ಜಾಗ ಮುಖ್ಯ. ಹಳೇ ಲೈಟಿನ ಪಕ್ಕ ಬೇಡ, ಎರಡೂ ಒಂದೇ ಹಾಗೆ ಕಾಣುತ್ತವೆ. ಮೇಲೆ, ಹಿಂದಿನ ಹಿಡಿಗೆ ಹಾಕಿಸು. ಅಮೆರಿಕದಲ್ಲಿ 1986ರಿಂದ ಹೊಸ ಕಾರುಗಳಿಗೆ ಮೇಲೆ ಮೂರನೇ ಬ್ರೇಕ್ ಲೈಟ್ ಕಡ್ಡಾಯ ಮಾಡಿದ್ದೂ ಹಿಂದಿನವರಿಗೆ ಬೇಗ ಕಾಣಲಿ ಅಂತಲೇ.

ಪ್ರಶ್ನೆ: ಸರ್, ನಾನು ಕೊಪ್ಪಳದಿಂದ. ಸ್ಕೂಟಿಗೆ ಪಟಪಟ ಮಿನುಗುವ ಕೆಂಪು-ನೀಲಿ ಲೈಟ್ ಆನ್‌ಲೈನಲ್ಲಿ ನೋಡಿದೆ. ಚೆನ್ನಾಗಿ ಕಾಣುತ್ತದೆ ಅಂತಾರೆ.

ಉತ್ತರ: ಅಕ್ಕಾ, ಅದು ಬೇಡ. ಬ್ರೇಕ್ ಲೈಟ್ ಕೆಂಪೇ ಇರಬೇಕು, ಮಿನುಗದೆ ಹತ್ತಬೇಕು. ಮಿನುಗಿದರೆ ಹಿಂದಿನವರು ಇಂಡಿಕೇಟರ್ ಅಂದುಕೊಳ್ಳುತ್ತಾರೆ, ನೀವು ತಿರುಗುತ್ತೀರಿ ಅಂತ ಪಕ್ಕದಲ್ಲಿ ನುಗ್ಗುತ್ತಾರೆ. ನಂಬರ್ ಪ್ಲೇಟ್ ಮುಚ್ಚದ ಹಾಗೆ ಸಾದಾ ಕೆಂಪು ಲೈಟ್ ಹಾಕಿಸಿ. ಜೊತೆಗೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಿ. ಗಾಡಿ ಕೆಟ್ಟು ನಿಂತಾಗ ಬ್ಯಾಟರಿ ಇಲ್ಲದೆಯೂ ಹೊಳೆಯುತ್ತದೆ.

ಮೊದಲಿನವರು: ಅಣ್ಣಾ, ಗೋಡೆಗೆ ನಿಲ್ಲಿಸಿ ನೋಡಿದೆ. ಕೈ ಬ್ರೇಕಿಗೆ ಹತ್ತುತ್ತದೆ. ಕಾಲಿಂದು ಪೂರ್ತಿ ತುಳಿದರೆ ಮಾತ್ರ. ನಾನು ಹಂಪಲ್ಲಿ ಬರೀ ಗೇರ್ ಇಳಿಸಿ ಕಾಲು ಸ್ವಲ್ಪ ಒತ್ತುತ್ತೇನೆ.

ಉತ್ತರ: ಅಲ್ಲೇ ಇದೆ ನೋಡು ತಮ್ಮಾ. ಗೇರ್ ಇಳಿಸಿದರೆ ಸ್ಪೀಡ್ ಇಳಿಯುತ್ತದೆ, ಲೈಟ್ ಹತ್ತುವುದಿಲ್ಲ. ಗೇರ್ ಇಳಿಸುವಾಗಲೇ ಕೈ ಬ್ರೇಕ್ ಒಂಚೂರು ಮುಟ್ಟು. ಇವತ್ತು ಡ್ಯೂಟಿಗೆ ಹೋಗುವ ಮುಂಚೆ ನಟ್ ತಿರುಗಿಸಿಕೋ, ಎರಡು ನಿಮಿಷದ ಕೆಲಸ. ಟಿಫಿನ್ ಬ್ಯಾಗನ್ನು ಹಿಂದೆ ಕಟ್ಟುತ್ತೀಯಾದರೆ ಲೈಟಿನ ಮೇಲೆ ಇಳಿಬೀಳದ ಹಾಗೆ ಕಟ್ಟು.