ಪದಚರ್ಚೆ: ಸೈಟೇಶನ್, ರೆಫರೆನ್ಸ್ ಎರಡಕ್ಕೂ ‘ಉಲ್ಲೇಖ’ವೇ?

ಎಲ್ಲರಿಗೂ ನಮಸ್ಕಾರ.

ಒಂದು ಸಂಶೋಧನಾ ಪತ್ರಿಕೆಯ ‘ಲೇಖಕರಿಗೆ ಸೂಚನೆಗಳು’ ಪುಟವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಡಿಟಿಪಿಗೆ ಹೋಗಬೇಕು. ಒಂದು ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಲೇಖನದ ಒಳಗೆ, ವಾಕ್ಯದ ಕೊನೆಗೆ ಆವರಣದಲ್ಲಿ ಹೆಸರು, ಇಸವಿ, ಪುಟ ಕೊಡ್ತೀವಲ್ಲ, ಅದು ಸೈಟೇಶನ್. ಲೇಖನದ ಕೊನೆಗೆ ಪೂರ್ತಿ ವಿವರ ಬರುತ್ತಲ್ಲ, ಅದು ರೆಫರೆನ್ಸ್. ನಿಘಂಟು ತೆಗೆದರೆ ಎರಡಕ್ಕೂ ಉಲ್ಲೇಖ. ಹಾಗಾಗಿ ನನ್ನ ಸಾಲು ಹೀಗೆ ಬಂದಿದೆ: ‘ಪ್ರತಿ ಉಲ್ಲೇಖಕ್ಕೂ ಉಲ್ಲೇಖ ಇರಬೇಕು. ಉಲ್ಲೇಖವಿಲ್ಲದ ಉಲ್ಲೇಖಗಳನ್ನು ತೆಗೆಯಲಾಗುವುದು.’

ಸದ್ಯಕ್ಕೆ ಒಳಗಿನದಕ್ಕೆ ‘ಉಲ್ಲೇಖ’, ಕೊನೆಯದಕ್ಕೆ ‘ಗ್ರಂಥಋಣ’ ಅಂತ ಹಾಕಿಟ್ಟಿದ್ದೇನೆ. ನಡೆಯುತ್ತಾ? ಇಬಿಡ್ (ಮೇಲಿನ ಟಿಪ್ಪಣಿಯ ಪುಸ್ತಕವೇ ಅನ್ನಲು), ಎಟ್ ಆಲ್ (ಮೊದಲ ಲೇಖಕರ ಜೊತೆಗಿನ ಉಳಿದವರು ಅನ್ನಲು), ಇವಕ್ಕೆ ಏನು ಬಳಸ್ತೀರಿ? ದಯವಿಟ್ಟು ಇವತ್ತು ರಾತ್ರಿಯೊಳಗೆ ಹೇಳಿ.

– ಮೈಸೂರಿನಿಂದ

*

> ಗ್ರಂಥಋಣ

ತಪ್ಪು. ಅಕಾರದ ಮುಂದೆ ಋಕಾರ ಬಂದರೆ ಗುಣಸಂಧಿ. ದೇವ, ಋಷಿ ಸೇರಿ ದೇವರ್ಷಿ ಆಗುವುದಾದರೆ ಗ್ರಂಥ, ಋಣ ಸೇರಿ ಗ್ರಂಥರ್ಣ. ‘ಋಣಾರ್ಣ’ದ ಹಾಗೆ ವೃದ್ಧಿ ಆಗಬಹುದಲ್ಲ ಅಂತ ಯಾರೋ ಕೇಳುತ್ತಾರೆ, ಗೊತ್ತು. ಅದು ಬೆರಳೆಣಿಕೆಯ ಪದಗಳಿಗೆ ಮಾತ್ರ. ಗ್ರಂಥ ಅದರಲ್ಲಿ ಇಲ್ಲ.

– ಉಡುಪಿಯಿಂದ

*

ಸಂಧಿ ಮಾಡಿದರೂ ಬಿಟ್ಟರೂ ಅದು ಸಂಸ್ಕೃತದ ಋಣವೇ. ಕನ್ನಡದ ಪತ್ರಿಕೆಗೆ ಕನ್ನಡದ ಪದ ಹುಡುಕಿ. ಒಳಗಿನದಕ್ಕೆ ‘ಸುಳಿವು’, ಕೊನೆಯದಕ್ಕೆ ‘ಹೊತ್ತಗೆಪಟ್ಟಿ’. ಅಚ್ಚಗನ್ನಡ, ಯಾರಿಗೂ ವಿವರಿಸಬೇಕಿಲ್ಲ.

– ಬೆಂಗಳೂರಿನಿಂದ

*

‘ಹೊತ್ತಗೆ’ ಪುಸ್ತಕದ ತದ್ಭವ. ಹೈಸ್ಕೂಲಿನ ತತ್ಸಮ-ತದ್ಭವ ಪಟ್ಟಿಯಲ್ಲೇ ಇದೆ. ಅದಿರಲಿ, ಶಾಸನ, ಪತ್ರಿಕಾ ಲೇಖನ, ವೆಬ್ ಪುಟ ಎಲ್ಲವೂ ಹೊತ್ತಗೆಯಾ? ಇನ್ನು ‘ಸುಳಿವು’. ಪೊಲೀಸರಿಗೆ ಸಿಗುವುದು ಸುಳಿವು. ಓದುಗರಿಗೆ ಪುಟಸಂಖ್ಯೆ ಕೊಡಿ.

– ಶಿವಮೊಗ್ಗದಿಂದ

*

ಮೇಡಂ, ಕೇಳಿದ್ದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ನಾನು ಪಿಎಚ್‌ಡಿ ಪ್ರಬಂಧಗಳ ಕರಡು ತಿದ್ದುವವನು. ಈ ಪದಗಳ ಜೊತೆ ದಿನಾ ಗುದ್ದಾಟ.

‘ಗ್ರಂಥಋಣ’ ಬೇಡ. ಸಂಧಿಯ ಕಾರಣಕ್ಕಲ್ಲ. ನಮ್ಮ ಪುಸ್ತಕಗಳ ಕೊನೆಗೆ ಆ ತಲೆಬರಹದಡಿ ಲೇಖಕರು ಓದಿದ್ದು, ಕಣ್ಣಾಡಿಸಿದ್ದು, ನೆರವು ಪಡೆದದ್ದು ಎಲ್ಲ ಬರುತ್ತದೆ. ಅದು ಬಿಬ್ಲಿಯಾಗ್ರಫಿ. ನಿಮ್ಮ ಪತ್ರಿಕೆ ಕೇಳುತ್ತಿರುವುದು ಲೇಖನದಲ್ಲಿ ಹೆಸರೆತ್ತಿದ್ದನ್ನು ಮಾತ್ರ. ‘ಗ್ರಂಥಋಣ’ ಅಂತ ಬರೆದು, ಹೆಸರೆತ್ತದ್ದನ್ನು ತೆಗೆಯುತ್ತೇವೆ ಅಂದರೆ ಲೇಖಕರು ಜಗಳಕ್ಕೆ ಬರುತ್ತಾರೆ. ಅವರ ಕಡೆಯೇ ನ್ಯಾಯ ಇರುತ್ತದೆ.

‘ಆಕರಗಳು’ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸಂಶೋಧಕರ ಬಾಯಲ್ಲಿ ಆಕರ ಅಂದರೆ ಮೂಲ: ಶಾಸನ, ಹಸ್ತಪ್ರತಿ, ಕಡತ. ಹೋದ ವರ್ಷದ ವಿಮರ್ಶಾ ಲೇಖನ ಆಕರ ಅಲ್ಲ, ಪರಾಮರ್ಶನ. ಆ ಗೆರೆ ಅಳಿಸಬೇಡಿ.

ನಾನು ಬಳಸುವುದು ಹೀಗೆ: ಲೇಖನದ ಒಳಗಿನದು ‘ಉಲ್ಲೇಖ’. ಕೊನೆಯದು ‘ಉಲ್ಲೇಖಪಟ್ಟಿ’. ಆ ಪಟ್ಟಿಯ ಒಂದೊಂದು ಸಾಲು ‘ನಮೂದು’. ಈಗ ನಿಮ್ಮ ಸಾಲು ಓದಿ ನೋಡಿ: ‘ಪ್ರತಿ ಉಲ್ಲೇಖಕ್ಕೂ ಪಟ್ಟಿಯಲ್ಲಿ ಒಂದು ನಮೂದು ಇರಬೇಕು. ಲೇಖನದಲ್ಲಿ ಉಲ್ಲೇಖವಾಗದ ನಮೂದನ್ನು ತೆಗೆಯಲಾಗುವುದು.’ ಬೇರೆಯವರ ಮಾತನ್ನು ಇದ್ದಂತೆ ಎತ್ತಿಕೊಟ್ಟರೆ ಅದು ‘ಉದ್ಧರಣೆ’, ಅದಕ್ಕೂ ಉಲ್ಲೇಖ ಅನ್ನಬೇಡಿ.

ಇಬಿಡ್‌ಗೆ ‘ಅದೇ’, ಹಿಂದೆಯೇ ಹೇಳಿದ ಪುಸ್ತಕ ಅನ್ನುವ ಆಪ್ ಸಿಟ್‌ಗೆ ‘ಪೂರ್ವೋಕ್ತ’ ರೂಢಿಯಲ್ಲಿವೆ. ಆದರೆ ನನ್ನ ಕೇಳಿದರೆ ಎರಡೂ ಬೇಡ. ‘ಅದೇ, ಪು. 45’ ಅಂತ ಅಡಿಟಿಪ್ಪಣಿ ಇರುತ್ತದೆ. ಲೇಖಕರು ಎರಡನೇ ಕರಡಿನಲ್ಲಿ ಅದರ ಮೇಲೆ ಇನ್ನೊಂದು ಟಿಪ್ಪಣಿ ತೂರಿಸುತ್ತಾರೆ. ‘ಅದೇ’ ಈಗ ಬೇರೆ ಪುಸ್ತಕ ಆಯಿತು. ಉಲ್ಲೇಖದ ನಿಯಮಗಳ ಕೈಪಿಡಿ ತರುವ ಷಿಕಾಗೊ ಶೈಲಿಯವರೇ 2017ರ 17ನೇ ಆವೃತ್ತಿಯಲ್ಲಿ ಇಬಿಡ್ ಬದಲು ಚುಟುಕು ಹೆಸರು ಕೊಡಿ ಅಂದರು. ಅಮೆರಿಕದ ಮನಶ್ಶಾಸ್ತ್ರ ಸಂಘದ ಎಪಿಎ ಶೈಲಿಯಲ್ಲಂತೂ ಅದು ಇಲ್ಲವೇ ಇಲ್ಲ. ಎಟ್ ಆಲ್‌ಗೆ ‘ಮತ್ತಿತರರು’ ಸಾಕು. ಎಪಿಎ 7ನೇ ಆವೃತ್ತಿಯ ಪ್ರಕಾರ ಮೂವರು ಅಥವಾ ಹೆಚ್ಚು ಲೇಖಕರಿದ್ದರೆ ಮೊದಲ ಸಲದಿಂದಲೇ ಹಾಗೆ ಬರೆಯಬಹುದು. (ನಿಮ್ಮದು ಎಂಎಲ್‌ಎ ಶೈಲಿಯಾದರೆ ‘ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಶನ್’ ಅಂತ ಶೈಲಿಯ ಪೂರ್ತಿ ಹೆಸರು ಹಾಕಿ. ನಮ್ಮಲ್ಲಿ ಎಂಎಲ್‌ಎ ಶೈಲಿ ಅಂದರೆ ಬೇರೆ ಅರ್ಥ ಬರುತ್ತದೆ.)

ಪದಕ್ಕಿಂತ ಜಾಸ್ತಿ ತೊಂದರೆ ಕೊಡುವುದು ಬೇರೆ. ಸೂಚನೆಯಲ್ಲಿ ಇವಕ್ಕೂ ಜಾಗ ಮಾಡಿ.

ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾವನ್ನು ಎಲ್ಲರೂ ‘ಎ.ಕ.’ ಅಂತ ಚಿಕ್ಕದು ಮಾಡುತ್ತಾರೆ. ‘ಎ.ಕ. 9’ ಅಂದರೆ ಯಾವುದು? ಬಿ.ಎಲ್. ರೈಸ್ ಅವರು 1886ರಲ್ಲಿ ಶುರು ಮಾಡಿದ ಮಾಲೆಯಲ್ಲಿ 9ನೇ ಸಂಪುಟ ಬೆಂಗಳೂರು ಜಿಲ್ಲೆ. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಮಾಲೆಯಲ್ಲಿ 9 ಅಂದರೆ ಬೇಲೂರು. ಹಳೆಯದರಲ್ಲಿ ಬೇಲೂರು ಇದ್ದದ್ದು 5ರಲ್ಲಿ, ಹಾಸನ ಜಿಲ್ಲೆಯ ಜೊತೆ. ಶಾಸನದ ಸಂಖ್ಯೆಗಳೂ ಬದಲಾಗಿವೆ. ‘ಎ.ಕ. (ಪ)’ ಅಂತ ಒಂದಕ್ಷರ ಸೇರಿಸದಿದ್ದರೆ ಓದುವವರು ಕಪಾಟಿನ ಮುಂದೆ ಸುಮ್ನೆ ನಿಂತಿರಬೇಕಾಗುತ್ತದೆ.

ಹೆಸರಿನ ಕತೆಯೂ ಅಷ್ಟೇ. ‘ಗುಂಡಪ್ಪ ಡಿ.ವಿ.’ ಸರಿಯಾಗಿ ಕೂರುತ್ತದೆ, ಡಿ ಊರು, ವಿ ತಂದೆ. ಆದರೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅಂತ ಇಡೀ ಹೆಸರು ಕೊಟ್ಟರೆ ಸಾಫ್ಟ್‌ವೇರ್ ಕೊನೆಯ ಪದ ಹಿಡಿದು ‘ಅಯ್ಯಂಗಾರ್, ಎಂ.ವಿ.’ ಮಾಡಿಡುತ್ತದೆ. ಮಾಸ್ತಿಯವರನ್ನು ‘ಅ’ದಲ್ಲಿ ಹುಡುಕುವವರು ಯಾರು? ‘ಹೆಸರು ಕನ್ನಡಿಗರು ಕರೆಯುವ ಹಾಗೆ ಬರಲಿ, ಇನಿಶಿಯಲ್ ಆಮೇಲೆ’ ಅಂತ ಒಂದು ಸಾಲು ಹಾಕಿ.

– ಧಾರವಾಡದಿಂದ

*

> ನಮೂದು

ಪಾರ್ಸಿ ಪದ. ಸಂಸ್ಕೃತ ಬಿಟ್ಟು ಕಚೇರಿಯ ಪಾರ್ಸಿಗೆ ಬಂದ ಹಾಗಾಯಿತು. ಹೊತ್ತಗೆ ತದ್ಭವವೇ ಇರಲಿ, ಕನ್ನಡದ ಬಾಯಿಗೆ ಒಗ್ಗಿ ಸಾವಿರ ವರ್ಷವಾಗಿದೆ.

– ಬೆಂಗಳೂರಿನಿಂದ

*

ಕಾಗದವೂ ಪಾರ್ಸಿಯದೇ. ಯಾವುದರ ಮೇಲೆ ಬರೆಯುತ್ತೀರಿ ಸ್ವಾಮಿ? ತಾಲ್ಲೂಕು ಕಚೇರಿಯಲ್ಲಿ ರೈತರು ದಿನಾ ‘ನನ್ನ ಹೆಸರು ನಮೂದಾಗಿಲ್ಲ’ ಅಂತ ಜಗಳ ಆಡುತ್ತಾರೆ. ಅಷ್ಟು ಒಗ್ಗಿದರೆ ಸಾಲದಾ? ನಿಮಗೆ ಹಳೆಯ ಸಾಲ ಆಸ್ತಿ, ಹೊಸ ಸಾಲ ಮಾತ್ರ ಸಾಲ.

– ಶಿವಮೊಗ್ಗದಿಂದ

*

> ಉಲ್ಲೇಖಪಟ್ಟಿ

ಅರಿಸಮಾಸ.

– ಉಡುಪಿಯಿಂದ

*

ಎಲ್ಲರಿಗೂ ಥ್ಯಾಂಕ್ಸ್. ‘ಉಲ್ಲೇಖಗಳ ಪಟ್ಟಿ’ ಅಂತ ಷಷ್ಠಿ ಹಾಕಿ ಬಿಡಿಸಿ ಬರೆದಿದ್ದೇನೆ, ಉಡುಪಿಯವರು ಒಪ್ಪಬಹುದು ಅಂದುಕೊಂಡಿದ್ದೇನೆ. ‘ನಮೂದು’ ಉಳಿಸಿಕೊಂಡೆ. ‘ಎ.ಕ. (ಪ)’ ಸೇರಿಸಿದೆ. ‘ಅದೇ’ ತೆಗೆದೆ, ಅದಕ್ಕೆ ಸಂಪಾದಕರು ಸ್ವಲ್ಪ ಗೊಣಗಿದರು.

ಇನ್ನೊಂದೇ ಉಳಿದಿದೆ. ಒಂದೇ ಲೇಖನದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ನಮೂದುಗಳಿದ್ದರೆ ಬೆರೆಸುವುದಾ, ಬೇರೆ ಬೇರೆ ಕೊಡುವುದಾ?

– ಮೈಸೂರಿನಿಂದ

*

ಬೇರೆ ಬೇರೆ. ಮೊದಲು ಕನ್ನಡ, ಅಕಾರಾದಿಯಾಗಿ. ಆಮೇಲೆ ಇಂಗ್ಲಿಷ್, ಅದರದೇ ಲಿಪಿಯಲ್ಲಿ, ಅದರದೇ ಕ್ರಮದಲ್ಲಿ. ಒಬ್ಬರೇ ಎರಡೂ ಭಾಷೆಯಲ್ಲಿ ಬರೆದಿದ್ದರೆ ಎರಡೂ ಕಡೆ ಬರಲಿ. ವರ್ಡ್‌ನಲ್ಲಿ ಸಾರ್ಟ್ ಕೊಟ್ಟ ಮೇಲೆ ಅನುಸ್ವಾರ ಇರುವ ಹೆಸರುಗಳನ್ನು ಒಮ್ಮೆ ಕಣ್ಣಿಂದ ನೋಡಿಬಿಡಿ.

– ಧಾರವಾಡದಿಂದ